ಜಲಜನಕದ ನೀರು: ಔಷಧವೊ, ಊಹೆಯೊ?

ಕಳೆದ ಮಳೆಗಾಲದಲ್ಲಿ ಒಂದು ದಿನ ವಿದ್ಯುದ್ವಿಭಜನೆಯ ಪಾಠವನ್ನು ಮುಗಿಸಿ ತರಗತಿಯಿಂದ ಹೊರಬರುತ್ತಿದ್ದಾಗ ಒಬ್ಬ ವಿದ್ಯಾರ್ಥಿ ನನ್ನ ಹಿಂದೆಯೇ ಬಂದು ಬಾಗಿಲ ಬಳಿ ನಿಂತನು. ಅವನ ತಂದೆಗೆ ನಾಲ್ಕು ದಿನಗಳಿಂದ ಡೆಂಗಿ ಜ್ವರ. ನೆಂಟರೊಬ್ಬರು ಮನೆಗೆ ಬಂದು, ಕುಡಿಯುವ ನೀರಿಗೆ ಜಲಜನಕವನ್ನು ತುಂಬುವ ಯಂತ್ರವೊಂದು ಉಂಟೆಂದೂ, ಆ ನೀರನ್ನು ಕುಡಿಸಿದರೆ ವೈರಸ್ಸಿನಿಂದ ಬರುವ ಜ್ವರಗಳೆಲ್ಲ ಬೇಗ ಇಳಿಯುವುವೆಂದೂ ಹೇಳಿಹೋಗಿದ್ದರಂತೆ. ಯಂತ್ರದ ಬೆಲೆ ಆ ಮನೆಯ ಎರಡು ತಿಂಗಳ ಖರ್ಚಿಗೆ ಸಮವಾಗಿತ್ತು. “ತಾವು ಈಗತಾನೆ ಹೇಳಿಕೊಟ್ಟದ್ದೇ ಆ ಯಂತ್ರದಲ್ಲಿ ನಡೆಯುವುದಂತೆ, ಸಾರ್. ಕೊಳ್ಳಬಹುದೆ?” ಎಂದು ಅವನು ಕೇಳಿದನು.

ನಾನು ವೈದ್ಯನಲ್ಲ. ಆದುದರಿಂದ ಒಂದು ಮಾತನ್ನು ಮಾತ್ರ ಆ ಕ್ಷಣದಲ್ಲಿ ಹೇಳಿದೆನು: ತಂದೆಯನ್ನು ಅಂದೇ ಆಸ್ಪತ್ರೆಗೆ ತೋರಿಸಬೇಕು; ಯಂತ್ರದ ವಿಚಾರವನ್ನು ಆಮೇಲೆ ಮಾತನಾಡೋಣ. ಅವನು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಜಲಜನಕ, ನೀರು, ವಿದ್ಯುತ್ತು, ಅನಿಲಗಳ ಕರಗುವಿಕೆ, ಇವೆಲ್ಲ ಭೌತ ರಸಾಯನ ಶಾಸ್ತ್ರಗಳ ಮೊದಲ ಪುಟಗಳಲ್ಲಿರುವ ವಿಷಯಗಳು. ಅವುಗಳ ಹೆಸರಿನಲ್ಲಿ ಒಂದು ವಸ್ತು ಮಾರಾಟವಾಗುತ್ತಿರುವಾಗ ಅವನ್ನು ಓದುವವರೂ ಓದಿಸುವವರೂ ಅದನ್ನು ಪರೀಕ್ಷಿಸದೆ ಬಿಡುವುದು ಸರಿಯೆ? ಆ ಪ್ರಶ್ನೆಯಿಂದ ಹುಟ್ಟಿದ ವಿಚಾರಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ನೀರಿನಲ್ಲಿ ಜಲಜನಕ ಮೊದಲೇ ಇದೆಯಷ್ಟೆ, ಇನ್ನು ತುಂಬುವುದೇನು? ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ೧೭೬೬ರಲ್ಲಿ ಈ ಅನಿಲವನ್ನು ಬೇರ್ಪಡಿಸಿ ಅದರ ಗುಣಗಳನ್ನು ವರ್ಣಿಸಿದನು. ಅದು ಉರಿದಾಗ ಹುಟ್ಟುವ ವಸ್ತು ನೀರೆಂಬುದನ್ನು ವಿವರಿಸಿ, ನೀರನ್ನು ಹುಟ್ಟಿಸುವುದೆಂಬ ಅರ್ಥದ ಹೆಸರನ್ನು ಫ್ರಾನ್ಸಿನ ಲವಾಸಿಯೆ ೧೭೮೦ರ ದಶಕದಲ್ಲಿ ಕೊಟ್ಟನು. ನಮ್ಮ ‘ಜಲಜನಕ’ ಆ ಹೆಸರಿನ ಅನುವಾದವೇ. ನೀರಿನ ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳು ಒಂದು ಆಮ್ಲಜನಕ ಪರಮಾಣುವಿಗೆ ಬಿಗಿಯಾಗಿ ಬಂಧಿತವಾಗಿವೆ. ಅವು ಉರಿದು ಮುಗಿದ ಜಲಜನಕ. ಒಲೆಯ ಬೂದಿಯಿಂದ ಮತ್ತೆ ಬೆಂಕಿ ಹೊತ್ತಿಸಲಾಗದಂತೆ, ಅವುಗಳಿಂದ ಹೊಸದಾಗಿ ಯಾವ ಕೆಲಸವೂ ಆಗದು. ನಾವು ಈಗ ಮಾತನಾಡುತ್ತಿರುವುದು ಎರಡೆರಡು ಪರಮಾಣುಗಳು ಜೊತೆಗೂಡಿದ ಜಲಜನಕ ಅನಿಲ ನೀರಿನಲ್ಲಿ ಕರಗಿರುವ ವಿಚಾರ. ಸೋಡದಲ್ಲಿ ಇಂಗಾಲಾಮ್ಲ ಕರಗಿರುವಂತೆ ಇದು. ಕ್ರಿ. ಶ. ೧೮೦೦ರಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬವರು ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ತೋರಿಸಿದರು. ಈಗ ಮಾರಾಟವಾಗುವ ಯಂತ್ರಗಳಲ್ಲಿ ಬಹಳಷ್ಟು ಆ ಪ್ರಯೋಗದ ಮರುರೂಪಗಳು.

ಹಾಗಾದರೆ ಎಷ್ಟು ಅನಿಲ ಕರಗೀತು? ಸಾಧಾರಣ ಒತ್ತಡದಲ್ಲಿ, ಕೋಣೆಯ ಉಷ್ಣತೆಯಲ್ಲಿ, ಒಂದು ಲೀಟರು ನೀರು ಹಿಡಿಯಬಲ್ಲ ಜಲಜನಕ ಸುಮಾರು ೧.೬ ಮಿಲಿಗ್ರಾಂ. ಗಾತ್ರದಲ್ಲಿ ಹೇಳುವುದಾದರೆ ಸುಮಾರು ೧೯ ಮಿಲಿಲೀಟರು, ಎಂದರೆ ನಾಲ್ಕು ಚಮಚಗಳಷ್ಟು. ಇದಕ್ಕಿಂತ ಹೆಚ್ಚು ಬೇಕಾದರೆ ಒತ್ತಡವನ್ನು ಹೆಚ್ಚಿಸಬೇಕೆಂದು ಹೆನ್ರಿಯ ನಿಯಮ ಹೇಳುತ್ತದೆ. ಒತ್ತಡವನ್ನು ತೆಗೆದೊಡನೆ ಹೆಚ್ಚಿನ ಅನಿಲ ಹೊರಡುತ್ತದೆ, ಉಳಿದುದೂ ನಿಲ್ಲುವುದಿಲ್ಲ. ಗಾಳಿಯಲ್ಲಿ ಜಲಜನಕ ಅತ್ಯಲ್ಪವಾದುದರಿಂದ ತೆರೆದ ಪಾತ್ರೆಯ ನೀರಿನಿಂದ ಅದು ಕೆಲವು ಗಂಟೆಗಳಲ್ಲಿ ಬಹುಪಾಲು ಹೊರಟುಹೋಗುತ್ತದೆ. ಕುದಿಸಿದರಂತೂ ಏನೂ ಉಳಿಯದು. ಅಣುಗಳಲ್ಲೆಲ್ಲ ಹಗುರವಾದ ಇದು ಪ್ಲಾಸ್ಟಿಕ್ಕಿನ ಗೋಡೆಯನ್ನೂ ತೂರಿಹೋಗುವುದು. ಜಪಾನಿನಲ್ಲಿ ಈ ನೀರು ಬಹಳ ಪ್ರಚಾರದಲ್ಲಿದ್ದಾಗ, ೨೦೧೬ರಲ್ಲಿ ಅಲ್ಲಿಯ ರಾಷ್ಟ್ರೀಯ ಬಳಕೆದಾರರ ಕೇಂದ್ರ ಅಂಗಡಿಗಳಿಂದ ಮಾದರಿಗಳನ್ನು ತರಿಸಿ ಅಳೆಯಿತು. ಪ್ಲಾಸ್ಟಿಕ್ ಶೀಶೆಯ ಕೆಲವು ಮಾದರಿಗಳಲ್ಲಿ ಜಲಜನಕವೇ ಕಾಣಿಸಲಿಲ್ಲ! ಕೊಂಡವರು ಬರಿಯ ನೀರಿಗೆ ಹಣ ತೆತ್ತಿದ್ದರು.

ಇಷ್ಟರಿಂದಲೇ ಇದೆಲ್ಲ ಮೋಸವೆಂದು ತೀರ್ಮಾನಿಸಿದರೆ ನಾವೂ ಅವಸರದ ತಪ್ಪನ್ನೇ ಮಾಡಿದಂತಾಗುವುದು. ಈ ಊಹೆಯ ಹಿಂದೆ ಪ್ರಾಮಾಣಿಕವಾದ ವಿಜ್ಞಾನವೂ ಉಂಟು. ವೈರಸ್ಸು ದೇಹವನ್ನು ಹೊಕ್ಕಾಗ ನಮ್ಮ ರಕ್ಷಕಕಣಗಳು ಉತ್ಕರ್ಷಣಕಾರಿ ವಸ್ತುಗಳನ್ನು ಆಯುಧಗಳಂತೆ ಬಿಡುತ್ತವೆ. ಯುದ್ಧದಲ್ಲಿ ಶತ್ರುವಿನೊಡನೆ ಸ್ವಂತ ಊರೂ ಸುಡುವಂತೆ, ಅವುಗಳಿಂದ ನಮ್ಮ ಅಂಗಾಂಶಗಳಿಗೂ ಕೆಡುಕಾಗುವುದು. ಆ ವಸ್ತುಗಳಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬುದು ಅತ್ಯುಗ್ರ. ಟೋಕಿಯೊ ನಗರದ ನಿಪ್ಪಾನ್ ವೈದ್ಯಕೀಯ ಶಾಲೆಯ ಷಿಗಿಯೊ ಓಟ ಮತ್ತು ಸಂಗಡಿಗರು ೨೦೦೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಜಲಜನಕ ಈ ಉಗ್ರ ರ‍್ಯಾಡಿಕಲ್ಲನ್ನು ಮಾತ್ರ ಆರಿಸಿ ಶಮನಮಾಡುವುದು, ದೇಹಕ್ಕೆ ಬೇಕಾದ ಸೌಮ್ಯ ಉತ್ಕರ್ಷಕಗಳ ತಂಟೆಗೆ ಹೋಗದು ಎಂದು ಅವರು ವಾದಿಸಿದರು. ಮೆದುಳಿಗೆ ರಕ್ತ ನಿಂತು ಮತ್ತೆ ಹರಿದಾಗ ಇಲಿಗಳಿಗಾಗುವ ಹಾನಿ, ಜಲಜನಕವನ್ನು ಉಸಿರಾಡಿಸಿದರೆ ಕಡಿಮೆಯಾದುದನ್ನು ತೋರಿಸಿದರು. ಅಂದಿನಿಂದ ನೂರಾರು ಪ್ರಯೋಗಗಳು ನಡೆದಿವೆ.

ಜಲಜನಕ ವಿಷವೂ ಅಲ್ಲ. ಸ್ವೀಡನ್ನಿನ ಎಂಜಿನಿಯರ್ ಆರ್ನೆ ಸೆಟರ್‌ಸ್ಟ್ರಂ ೧೯೪೦ರ ದಶಕದಲ್ಲಿ ಜಲಜನಕ ಮತ್ತು ಆಮ್ಲಜನಕಗಳ ಮಿಶ್ರಣವನ್ನು ಉಸಿರಾಡುತ್ತ ಸಮುದ್ರದಾಳಕ್ಕೆ ಇಳಿದನು. ೧೯೪೫ರಲ್ಲಿ ಅವನು ಸತ್ತುದು ಮೇಲಿನವರು ಅವನನ್ನು ಎಳೆದುಕೊಂಡ ಕ್ರಮ ತಪ್ಪಿದುದರಿಂದ, ಅನಿಲದ ದೋಷದಿಂದಲ್ಲ. ೧೯೮೮ರಲ್ಲಿ ಫ್ರಾನ್ಸಿನ ಮುಳುಗಾರರು ಜಲಜನಕ ಸೇರಿದ ಮಿಶ್ರಣವನ್ನು ಉಸಿರಾಡುತ್ತ ೫೩೪ ಮೀಟರುಗಳ ಆಳದಲ್ಲಿ ಕೆಲಸ ಮಾಡಿದರು. ಆದುದರಿಂದ ಒಂದು ಲೋಟ ಜಲಜನಕದ ನೀರಿಗೆ ಯಾರೂ ಹೆದರಬೇಕಾಗಿಲ್ಲ. ಅಪಾಯವಿಲ್ಲವೆಂದ ಮಾತ್ರಕ್ಕೆ ಗುಣವುಂಟೆಂದು ಅರ್ಥವಲ್ಲ, ಅಷ್ಟೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಕಾಲು ಲೀಟರಿನ ಲೋಟದಲ್ಲಿ ೦.೪ ಮಿಲಿಗ್ರಾಂ ಜಲಜನಕವಿರಬಹುದು. ಅರುವತ್ತು ಕಿಲೋಗ್ರಾಂ ತೂಗುವವನ ದೇಹದಲ್ಲಿ ಸುಮಾರು ೩೬ ಲೀಟರು ನೀರುಂಟು. ಒಂದಿಷ್ಟೂ ನಷ್ಟವಾಗದೆ ಜಲಜನಕವೆಲ್ಲ ಅದರಲ್ಲಿ ಸಮವಾಗಿ ಹರಡಿತೆಂದು ಇಟ್ಟುಕೊಳ್ಳಿ. ಆಗ ರಕ್ತದಲ್ಲಿ ಒಂದೊಂದು ಜಲಜನಕದ ಅಣುವಿಗೆ ಸುಮಾರು ೯೦೦ ಗ್ಲೂಕೋಸಿನ ಅಣುಗಳಿರುತ್ತವೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ಲಿನೊಡನೆ ವರ್ತಿಸುವುದರಲ್ಲಿ ಗ್ಲೂಕೋಸು ಜಲಜನಕಕ್ಕಿಂತ ಸುಮಾರು ೩೫ ಪಟ್ಟು ಚುರುಕು. ಎರಡನ್ನೂ ಗುಣಿಸಿದರೆ, ಹುಟ್ಟಿದ ಮೂವತ್ತು ಸಾವಿರ ರ‍್ಯಾಡಿಕಲ್ಲುಗಳಲ್ಲಿ ಒಂದು ಜಲಜನಕಕ್ಕೆ ಸಿಕ್ಕೀತು; ಉಳಿದುವೆಲ್ಲ ಗ್ಲೂಕೋಸಿನ ಪಾಲು. ಸಸಾರಜನಕ ಮೊದಲಾದ ಇತರ ವಸ್ತುಗಳನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಜಾತ್ರೆಯ ಜನಸಂದಣಿಯಲ್ಲಿ ಕಳ್ಳನೊಬ್ಬನನ್ನು ಹಿಡಿಯಲು ಒಬ್ಬನೇ ಪೇದೆಯನ್ನು, ಅದೂ ಮೆಲ್ಲನೆ ನಡೆಯುವವನನ್ನು, ಕಳುಹಿದಂತಾಯಿತು. ಇದರ ಮೇಲೆ ಆ ಪೇದೆಯೂ ನಿಲ್ಲುವವನಲ್ಲ: ಕುಡಿದ ಹತ್ತು ಹದಿನೈದು ನಿಮಿಷಗಳಲ್ಲಿಯೇ ಜಲಜನಕ ಉಸಿರಿನಲ್ಲಿ ಹೊರಬರುವುದನ್ನು ಅಳೆದು ನೋಡಿದ್ದಾರೆ.

ಈ ಆಕ್ಷೇಪ ಜಲಜನಕದ ಪಕ್ಷದವರಿಗೆ ತಿಳಿಯದುದಲ್ಲ. ಅದು ರ‍್ಯಾಡಿಕಲ್ಲನ್ನು ನೇರವಾಗಿ ಹಿಡಿಯದಿದ್ದರೂ ಜೀವಕೋಶಗಳ ಸ್ವಂತ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಬಹುದೆಂದು ಅವರಲ್ಲಿ ಹಲವರು ಈಗ ಹೇಳುವರು. ಹಾಗಿರಲೂಬಹುದು. ಸಣ್ಣ ಪ್ರಮಾಣದ ವಸ್ತು ದೊಡ್ಡ ಕೆಲಸ ಮಾಡುವುದುಂಟು. ಆದರೆ ಆಗ ಇನ್ನೊಂದು ಸಂಗತಿಯನ್ನು ವಿವರಿಸಬೇಕಾಗುತ್ತದೆ. ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಜಲಜನಕವನ್ನು ತಾವೇ ತಯಾರಿಸುತ್ತವೆ. ಅಮೆರಿಕದ ವೈದ್ಯ ಮೈಕೇಲ್ ಲೆವಿಟ್ ೧೯೬೯ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಉಪವಾಸವಿರುವಾಗಲೂ ನಿಮಿಷಕ್ಕೆ ಸರಾಸರಿ ಸುಮಾರು ಕಾಲು ಮಿಲಿಲೀಟರು ಅನಿಲ ಹುಟ್ಟುತ್ತದೆ. ಒಂದು ಹಗಲು ಒಂದು ಇರುಳಿಗೆ ಇದು ೩೦೦ ಮಿಲಿಲೀಟರಿಗೂ ಮಿಗಿಲು. ಜೀರ್ಣವಾಗದ ಸಕ್ಕರೆ ಕರುಳಿನ ಆ ಭಾಗವನ್ನು ತಲುಪಿದರೆ ಇನ್ನೂ ಹೆಚ್ಚು. ಹಾಲು ಜೀರ್ಣವಾಗದವರನ್ನು ಉಸಿರಿನ ಜಲಜನಕದಿಂದ ಗುರುತಿಸುವ ಪರೀಕ್ಷೆ ಈ ತತ್ತ್ವವನ್ನೇ ಅವಲಂಬಿಸಿದೆ. ಲೀಟರಿಗೆ ೧೯ ಮಿಲಿಲೀಟರು ಕೊಡುವ ಯಂತ್ರಕ್ಕೆ ಸಾವಿರಾರು ರೂಪಾಯಿ. ಬೇಳೆಯ ಸಾರನ್ನೂ ಅವರೆಯ ಕಾಳನ್ನೂ ಉಂಡವನ ಹೊಟ್ಟೆ ಅದಕ್ಕಿಂತ ಬಹಳ ಹೆಚ್ಚನ್ನು ಬಿಟ್ಟಿಯಾಗಿ ಕೊಡುತ್ತದೆ! ನೀರಿನಲ್ಲಿ ಬಂದ ಜಲಜನಕ ಕರುಳಿನ ಜಲಜನಕಕ್ಕಿಂತ ಬೇರೆಯಾಗಿ ಹೇಗೆ ವರ್ತಿಸುವುದೆಂಬುದನ್ನು ಮಾರುವವರು ತೋರಿಸಿಕೊಡಬೇಕು.

ಲೆಕ್ಕವೊಂದರಿಂದಲೇ ವೈದ್ಯದ ಪ್ರಶ್ನೆ ಮುಗಿಯದು. ಕೊನೆಗೆ ರೋಗಿಗಳನ್ನೇ ಕೇಳಬೇಕು. ವೈರಸ್ ರೋಗಕ್ಕೆ ಸಂಬಂಧಿಸಿದಂತೆ ಜಲಜನಕದ ನೀರನ್ನೇ ಕೊಟ್ಟು ನಡೆಸಿದ ಪ್ರಯೋಗವೊಂದು ಚೀನದಿಂದ ೨೦೧೩ರಲ್ಲಿ ಪ್ರಕಟವಾಯಿತು. ಹೆಪಟೈಟಿಸ್ ಬಿ ಎಂಬ ದೀರ್ಘಕಾಲದ ಯಕೃತ್ತಿನ ಬೇನೆಯಿದ್ದ ೬೦ ಮಂದಿಯನ್ನು ಎರಡು ತಂಡಗಳಾಗಿ ವಿಂಗಡಿಸಿ, ಎರಡಕ್ಕೂ ವಾಡಿಕೆಯ ಚಿಕಿತ್ಸೆಯನ್ನು ಕೊಟ್ಟು, ಒಂದು ತಂಡಕ್ಕೆ ಆರು ವಾರಗಳ ಕಾಲ ದಿನಕ್ಕೆ ೧೨೦೦ರಿಂದ ೧೮೦೦ ಮಿಲಿಲೀಟರು ಈ ನೀರನ್ನೂ ಕುಡಿಸಿದರು. ರಕ್ತದಲ್ಲಿ ಉತ್ಕರ್ಷಣದ ಗುರುತುಗಳು ಆ ತಂಡದಲ್ಲಿ ಚೆನ್ನಾಗಿ ಇಳಿದುವು. ಆದರೆ ಯಕೃತ್ತಿನ ಕೆಲಸವೂ ವೈರಸ್ಸಿನ ಪ್ರಮಾಣವೂ ಎರಡು ತಂಡಗಳಲ್ಲಿ ಹೆಚ್ಚುಕಡಮೆ ಒಂದೇ ಆಗಿದ್ದುವು. ಇಲ್ಲಿರುವ ಪಾಠವನ್ನು ಗಮನಿಸಬೇಕು. ಪ್ರಯೋಗಶಾಲೆಯ ಗುರುತೊಂದು ಬದಲಾಯಿಸಿತು, ರೋಗ ಬದಲಾಯಿಸಲಿಲ್ಲ. ಜಾಹೀರಾತಿನಲ್ಲಿ ಮೊದಲನೆಯ ವಾಕ್ಯ ಮಾತ್ರ ಅಚ್ಚಾಗುವುದು.

ಕೋವಿಡ್ ಬಂದಾಗ ಜಲಜನಕಕ್ಕೆ ಮತ್ತೊಂದು ಅವಕಾಶ ದೊರೆಯಿತು. ಈ ಸಾರಿ ನೀರಾಗಿ ಅಲ್ಲ, ಉಸಿರಾಗಿ. ೨೦೨೦ರ ಮಾರ್ಚಿ ತಿಂಗಳಲ್ಲಿ ಹೊರಟ ಚೀನದ ಚಿಕಿತ್ಸಾ ಸೂಚಿಯಲ್ಲಿ ಎರಡು ಪಾಲು ಜಲಜನಕ ಒಂದು ಪಾಲು ಆಮ್ಲಜನಕದ ಮಿಶ್ರಣವನ್ನು ಬಳಸಬಹುದೆಂದು ಹೇಳಿತ್ತು. ಅದೇ ವರ್ಷ ೯೦ ರೋಗಿಗಳ ಒಂದು ಪ್ರಯೋಗದ ವರದಿ ಬಂದಿತು: ೪೪ ಮಂದಿಗೆ ಆ ಮಿಶ್ರಣ, ೪೬ ಮಂದಿಗೆ ಸಾಧಾರಣ ಚಿಕಿತ್ಸೆ. ಮಿಶ್ರಣ ಪಡೆದವರ ಏದುಸಿರು ಬೇಗ ಇಳಿಯಿತೆಂದು ವರದಿ ಹೇಳಿತು. ಆದರೆ ಯಾರಿಗೆ ಏನು ಕೊಟ್ಟಿದೆಯೆಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿದಿತ್ತು. ‘ಉಸಿರು ಸಲೀಸಾಗಿದೆಯೆ?’ ಎಂಬ ಪ್ರಶ್ನೆಗೆ ಹೊಸ ಯಂತ್ರದ ಮುಂದೆ ಕುಳಿತವನು ಕೊಡುವ ಉತ್ತರದಲ್ಲಿ ಅವನ ಆಶೆಯೂ ಸೇರಿರುತ್ತದೆ. ಇದು ಕುತೂಹಲ ಹುಟ್ಟಿಸುವ ಫಲ, ನಿರ್ಣಯವಲ್ಲ. ಮತ್ತು ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಉಸಿರಾಡಿಸಿದ ಅನಿಲದ ಫಲವನ್ನು ಲೋಟದ ನೀರಿನ ಖಾತೆಗೆ ಬರೆಯುವುದು ನ್ಯಾಯವಲ್ಲ.

ಹೋಲಿಸುವುದಕ್ಕೆ ಇನ್ನೊಂದು ತಂಡವಿರಬೇಕೆಂದು ವಿಜ್ಞಾನಿಗಳು ಏಕೆ ಹಟಹಿಡಿಯುವರು? ನನ್ನ ವಿದ್ಯಾರ್ಥಿಯ ಮನೆಯಲ್ಲಿಯೇ ಇದಕ್ಕೆ ಉತ್ತರವುಂಟು. ಅವನ ತಂದೆ ಐದು ದಿನ ಆಸ್ಪತ್ರೆಯಲ್ಲಿದ್ದು ಗುಣಹೊಂದಿ ಮನೆಗೆ ಬಂದರು. ಯಂತ್ರವನ್ನು ಕೊಂಡಿರಲಿಲ್ಲ. ಕೊಂಡಿದ್ದರೆ ಏನಾಗುತ್ತಿತ್ತು? ಆಗಲೂ ಬಹುಶಃ ಗುಣವಾಗುತ್ತಿದ್ದರು. ಆದರೆ ಕೀರ್ತಿಯೆಲ್ಲ ಯಂತ್ರಕ್ಕೆ ಸಲ್ಲುತ್ತಿತ್ತು. ಆ ಮನೆಯವರು ಮುಂದೆ ಹತ್ತು ಮನೆಗಳಿಗೆ ಹೋಗಿ, ಪೂರ್ಣ ಪ್ರಾಮಾಣಿಕತೆಯಿಂದ, ತಮ್ಮ ಕಣ್ಣಾರೆ ಕಂಡುದನ್ನು ಹೇಳುತ್ತಿದ್ದರು. ವೈರಸ್ ಜ್ವರಗಳಲ್ಲಿ ಬಹುಪಾಲು ತಾವಾಗಿಯೇ ಇಳಿಯುವುವಾದುದರಿಂದ, ಜ್ವರ ಇಳಿಯುವ ಮುನ್ನ ಕುಡಿಸಿದ ಯಾವುದೇ ಆಗಲಿ ಔಷಧವಾಗಿ ಕಾಣುವುದು. ನೆಂಟರೂ ಹೀಗೆಯೇ ಮೋಸಹೋದವರು, ಮೋಸಗಾರರಲ್ಲ.

ಬುದ್ಧಿಗೆ ಒಪ್ಪುವ ಸಿದ್ಧಾಂತ ಪರೀಕ್ಷೆಯಲ್ಲಿ ಸೋತ ಉದಾಹರಣೆಗಳು ಕಡಮೆಯಿಲ್ಲ. ಉತ್ಕರ್ಷಣವನ್ನು ತಡೆಯುವ ಬೀಟ ಕ್ಯಾರೊಟಿನ್ನು ಕ್ಯಾನ್ಸರಿನಿಂದ ಕಾಪಾಡುವುದೆಂದು ಅನೇಕರು ನಂಬಿದ್ದರು. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ ೨೯,೧೩೩ ಗಂಡಸರ ಮೇಲೆ ಹಲವು ವರ್ಷ ನಡೆದ ಪರೀಕ್ಷೆಯ ಫಲ ೧೯೯೪ರಲ್ಲಿ ಹೊರಬಂದಾಗ, ಅದನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇಕಡ ೧೮ ಹೆಚ್ಚಾಗಿತ್ತು. ೨೦೨೦ರಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ದೊಡ್ಡ ಪರೀಕ್ಷೆಯಲ್ಲಿ, ಜಗತ್ತೆಲ್ಲ ಹುಡುಕಾಡಿದ ಹೈಡ್ರಾಕ್ಸಿಕ್ಲೋರೋಕ್ವಿನ್ನನ್ನು ತೆಗೆದುಕೊಂಡ ಕೋವಿಡ್ ರೋಗಿಗಳಲ್ಲಿ ಶೇಕಡ ೨೭ ಮಂದಿಯೂ ತೆಗೆದುಕೊಳ್ಳದವರಲ್ಲಿ ಶೇಕಡ ೨೫ ಮಂದಿಯೂ ೨೮ ದಿನಗಳೊಳಗೆ ತೀರಿಕೊಂಡರು; ಉಪಯೋಗವೇನೂ ಕಾಣಲಿಲ್ಲ. ಅದೇ ಪರೀಕ್ಷೆಯಲ್ಲಿ ಡೆಕ್ಸಾಮೆಥಸೋನ್ ಎಂಬ ಹಳೆಯ ಅಗ್ಗದ ಔಷಧ, ಉಸಿರಾಟದ ಯಂತ್ರಕ್ಕೆ ಒಳಗಾಗಿದ್ದವರ ಮರಣವನ್ನು ಶೇಕಡ ೪೧ರಿಂದ ೨೯ಕ್ಕೆ ಇಳಿಸಿತು. ಯಾವುದು ಗೆಲ್ಲುವುದೆಂದು ಮುಂಚೆ ಹೇಳಬಲ್ಲವರಿರಲಿಲ್ಲ. ಎಣಿಸಿದ ಮೇಲೆಯೇ ತಿಳಿದುದು.

“ಆಗಲಿ, ನೀರು ತಾನೆ? ಕುಡಿದರೆ ಕಳೆದುಕೊಳ್ಳುವುದೇನು?” ಎಂದು ಕೇಳುವವರುಂಟು. ಹಣವನ್ನು ಕಳೆದುಕೊಳ್ಳಬಹುದು. ಅದಕ್ಕಿಂತ ಬೆಲೆಯುಳ್ಳ ವೇಳೆಯನ್ನೂ ಕಳೆದುಕೊಳ್ಳಬಹುದು. ಡೆಂಗಿಯಲ್ಲಿ ಅಪಾಯದ ಘಟ್ಟ ಬರುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ. ಆಗ ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಸೋರಿ ರಕ್ತದ ಒತ್ತಡ ಕುಸಿಯುವುದು. ಹೊಟ್ಟೆಯ ತೀವ್ರ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಅತಿಯಾದ ನಿತ್ರಾಣ, ಇವು ಎಚ್ಚರಿಕೆಯ ಗಂಟೆಗಳು. ಜ್ವರ ಇಳಿಯಿತು, ಯಂತ್ರ ಗೆದ್ದಿತು ಎಂದು ಮನೆಯವರು ಹಿಗ್ಗುತ್ತಿರುವ ಗಂಟೆಯೇ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಗಂಟೆಯಾಗಿರಬಹುದು. ಹಾನಿಯಿಲ್ಲದ ನೀರು ಹಾನಿ ಮಾಡುವುದು ಹೀಗೆ.

ನೀರಿನಲ್ಲಿ ಏನನ್ನಾದರೂ ಕರಗಿಸಿ ಕೊಟ್ಟು ಜೀವ ಉಳಿಸುವುದೇ ಹುಚ್ಚು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ತುಂಬಿದ್ದಾಗ ಕಾಲರ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಿತ್ತು. ವೈದ್ಯ ದಿಲೀಪ್ ಮಹಲನಬೀಸ್ ಗ್ಲೂಕೋಸನ್ನೂ ಲವಣಗಳನ್ನೂ ನೀರಿಗೆ ಬೆರಸಿ ಕುಡಿಸುವ ಏರ್ಪಾಡು ಮಾಡಿದರು. ಅಲ್ಲಿ ಶೇಕಡ ೩೦ರಷ್ಟಿದ್ದ ಮರಣ ಶೇಕಡ ೩.೬ಕ್ಕೆ ಇಳಿಯಿತು. ಗ್ಲೂಕೋಸು ಲವಣವನ್ನು ಕೈಹಿಡಿದು ಕರುಳಿನ ಗೋಡೆಯೊಳಕ್ಕೆ ಕರೆದೊಯ್ಯುವುದೆಂಬುದು ಮೊದಲೇ ಪ್ರಯೋಗಶಾಲೆಯಲ್ಲಿ ತಿಳಿದಿತ್ತು. ಎಷ್ಟು ಬೇಕೆಂಬುದನ್ನು ಅಳೆದಿದ್ದರು. ಬದುಕಿದವರನ್ನೂ ಸತ್ತವರನ್ನೂ ಎಣಿಸಿದ್ದರು. ಇಂದು ರೋಟ ವೈರಸ್ಸಿನಿಂದ ಭೇದಿಯಾಗುವ ಕೂಸಿಗೂ ಆ ಪೊಟ್ಟಣದ ನೀರೇ ಆಸರೆ. ಲೀಟರಿಗೆ ೧೩.೫ ಗ್ರಾಂ ಗ್ಲೂಕೋಸು, ೨.೬ ಗ್ರಾಂ ಅಡಿಗೆಯ ಉಪ್ಪು, ಜೊತೆಗೆ ಇನ್ನೆರಡು ಲವಣಗಳು: ಇಷ್ಟೇ. ವೈರಸ್ಸನ್ನು ಕೊಲ್ಲದೆಯೇ ರೋಗಿಯನ್ನು ಉಳಿಸುವ ಸಹಾಯಕ ಚಿಕಿತ್ಸೆ ಎಂದರೆ ಇದು.

ಆದುದರಿಂದ ನನ್ನ ಅಭಿಪ್ರಾಯ ಸರಳವಾಗಿದೆ. ಜಲಜನಕದ ನೀರನ್ನು ಪ್ರಯೋಗಶಾಲೆಯಿಂದ ಹೊರಗಟ್ಟಬಾರದು. ಹಾಗೆಯೇ ಪ್ರಯೋಗ ಮುಗಿಯುವ ಮುನ್ನ ರೋಗಿಯ ಹಾಸಿಗೆಯ ಬಳಿಗೆ ಬೆಲೆಕಟ್ಟಿ ತರಲೂಬಾರದು. ಬನಗಾಂವಿನ ನೀರು ದಾಟಿದ ಹೊಳೆಯನ್ನೇ ಇದೂ ದಾಟಿ ಬರಲಿ. ದಾಟಿದರೆ ಮೊದಲು ಚಪ್ಪಾಳೆ ತಟ್ಟುವವರು ನಾವೇ ಆಗೋಣ.

ಅಲ್ಲಿಯವರೆಗೆ ವಿದ್ಯಾರ್ಥಿಗಳಾದ ನಿಮ್ಮ ಮೇಲೊಂದು ಹೊಣೆಯಿದೆ. ನಿಮ್ಮ ಮನೆಗಳಲ್ಲಿ ಹೆನ್ರಿಯ ನಿಯಮವನ್ನು ಓದಿದವರು ನೀವೊಬ್ಬರೇ ಇರಬಹುದು. ಹಿರಿಯರು ಹೆದರಿ ಕುಳಿತಿರುವಾಗ ಯಾರಾದರೂ ಯಂತ್ರವನ್ನು ಹೊತ್ತು ತಂದರೆ, ಜಗಳವಾಡದೆ, ಗೌರವದಿಂದಲೇ ಮೂರು ಪ್ರಶ್ನೆಗಳನ್ನು ಕೇಳಿ: ಇದರಲ್ಲಿ ಆ ವಸ್ತು ಎಷ್ಟಿದೆ? ಯಾವುದಕ್ಕೆ ಹೋಲಿಸಿ ನೋಡಿದ್ದೀರಿ? ಬದಲಾದುದು ರಕ್ತದ ಗುರುತೊ, ರೋಗಿಯ ಸ್ಥಿತಿಯೊ? ಉತ್ತರ ಬರುವಷ್ಟರಲ್ಲಿ ರೋಗಿಗೆ ಶುದ್ಧವಾದ ನೀರನ್ನು ಕುಡಿಸಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.